ದಾರಿ ಕಟ್ಟುವ ಸವಾಲು

ಕಾಂಟ್ರಾಕ್ಟ್ ಬ್ರಿಡ್ಜ್ ಆಟದಲ್ಲಿ ಎಲೆ ಇಳಿಯುವ ಮುನ್ನ ಹರಾಜು ನಡೆಯುತ್ತದೆ. ಕೈಯ ಬಲವನ್ನು ಜೊತೆಗಾರನಿಗೆ ತಿಳಿಸಲು ಸವಾಲುಗಳೇ ಭಾಷೆ. ಒಬ್ಬನಿಗೆ ರಾಜ, ರಾಣಿ, ಗುಲಾಮರೊಡನೆ ಆಟೀನಿನ ಏಳು ಎಲೆಗಳು ಬಂದಿವೆ. ಉಳಿದ ಆರೂ ನಿಸ್ಸಾರ. ಅವನು ಮೊದಲ ಮಾತಿಗೇ ‘ಮೂರು ಆಟೀನು’ ಎನ್ನುತ್ತಾನೆ. ಒಂಬತ್ತು ಸುತ್ತು ಗೆಲ್ಲುವ ಭರವಸೆಯಿಂದಲ್ಲ, ಎದುರಾಳಿಗಳ ಸಂಭಾಷಣೆಗೆ ಎಡೆಯಿರಬಾರದೆಂದು. ಕೆಳಗಿನ ಮೆಟ್ಟಿಲುಗಳಿಲ್ಲದೆ ಅವರು ಊಹೆಯಿಂದಲೇ ನೆಗೆಯಬೇಕು.

ಅವರು ‘ಡಬಲ್’ ಎಂದು, ಇವನಿಗೆ ಆರೇ ಸುತ್ತು ದಕ್ಕಿದರೆ ನಷ್ಟ 500 ಅಂಕ. ‘ವಲ್ನರಬಲ್’ ಎಂಬ ಏರಿದ ದರದ ಸ್ಥಿತಿಯಲ್ಲಿ ಅವರು ನಾಲ್ಕು ಇಸ್ಪೀಟು ಗೆದ್ದಿದ್ದರೆ 620 ಸಿಗುತ್ತಿತ್ತು. ಇಲ್ಲವಾದರೆ 420 ಮಾತ್ರ, ಆಗ ಈ ಸಾಹಸ ದುಬಾರಿಯೇ. ಇವನೇ ಆ ಸ್ಥಿತಿಯಲ್ಲಿದ್ದರೆ ದಂಡ 800.

ಬಲವಾದ ಕೈ ಜೊತೆಗಾರನದೇ ಆಗಿದ್ದರೆ? ಕಟ್ಟಿದ ಬೇಲಿ ಸ್ವಂತ ದಾರಿಗೇ ಅಡ್ಡ. ಆದುದರಿಂದಲೇ, ಜೊತೆಗಾರ ಆಗಲೇ ‘ಪಾಸ್’ ಎಂದಿರುವಾಗ, ಮೂರನೆಯ ಸರದಿಯವನು ಹೆಚ್ಚು ಧೈರ್ಯದಿಂದ ಕೂಗುತ್ತಾನೆ.