ಕಡಲ ಮೇಲೆ ನಾಲ್ಕು ತಂತಿ

ಜನವರಿ ತಿಂಗಳು. ಅಮೆರಿಕದ ಉತ್ತರ ಭಾಗ ಹಿಮದಲ್ಲಿ ಮುದುಡಿ ಕುಳಿತಿರುವ ಹೊತ್ತು. ದಕ್ಷಿಣದ ಫ್ಲಾರಿಡಾದಲ್ಲಿ ಮಾತ್ರ ಹಿತವಾದ ಬಿಸಿಲು. ಅಲ್ಲಿನ ಫೋರ್ಟ್ ಲಾಡರ್‌ಡೇಲ್ ಬಂದರಿನಲ್ಲಿ ದೊಡ್ಡದೊಂದು ಪ್ರವಾಸಿ ಹಡಗು ಹೊರಡಲು ಸಿದ್ಧವಾಗಿದೆ. ಸುಮಾರು ಎರಡು ಸಾವಿರ ಪ್ರಯಾಣಿಕರು. ಕೆರೀಬಿಯನ್ ದ್ವೀಪಗಳನ್ನು ನೋಡುವುದು ಒಂದು ನೆಪ ಅಷ್ಟೆ. ಇವರೆಲ್ಲ ಬಂದಿರುವುದು ವಾರವಿಡೀ ಸಂಗೀತ ಕೇಳಲಿಕ್ಕೆ.

ಹಡಗು ದಡ ಬಿಟ್ಟ ಮೇಲೆ ಸಂಜೆ ಮೊದಲ ಕಛೇರಿ. ವೇದಿಕೆಯ ಮುಂದೆ ಸ್ಯಾಕ್ಸೋಫೋನ್ ಹಿಡಿದ ಕಲಾವಿದ. ಬೆಳಕೆಲ್ಲ ಅವನ ಮೇಲೆ, ಚಪ್ಪಾಳೆಯೂ ಅವನಿಗೇ. ಅವನ ಹಿಂದೆ, ಡ್ರಮ್ಮಿನ ಪಕ್ಕದಲ್ಲಿ, ಉದ್ದ ಕತ್ತಿನ ಗಿಟಾರ್ ಹಿಡಿದು ನಿಂತವನೊಬ್ಬನಿದ್ದಾನೆ. ಅವನ ವಾದ್ಯಕ್ಕೆ ನಾಲ್ಕೇ ತಂತಿ; ಹಗ್ಗದಂತೆ ದಪ್ಪ. ಅವನ ಹೆಸರು ಸಭೆಯಲ್ಲಿ ಎಷ್ಟು ಜನಕ್ಕೆ ಗೊತ್ತು? ಆದರೆ ಅವನು ನಾಲ್ಕು ಮಾತ್ರೆ ಸುಮ್ಮನಾದರೆ ಸಾಕು, ಏನೋ ಬಿಟ್ಟುಹೋಯಿತಲ್ಲ ಎಂದು ಇಡೀ ಸಭೆ ತಲೆಯೆತ್ತಿ ನೋಡುತ್ತದೆ.

ಅವನೇ ಬೇಸ್ ವಾದಕ.

ಅಡಿಪಾಯದ ಕೆಲಸ

ಬೇಸ್ ಗಿಟಾರಿನ ಕೆಲಸ ಮನೆಯ ಅಡಿಪಾಯದ ಹಾಗೆ. ಮಾಮೂಲಿ ಗಿಟಾರಿನ ಕೆಳಗಿನ ನಾಲ್ಕು ತಂತಿಗಳ ಸ್ವರಗಳನ್ನೇ ಇದು ಒಂದು ಸ್ಥಾಯಿ ಕೆಳಗೆ, ಮಂದ್ರದಲ್ಲಿ ನುಡಿಸುತ್ತದೆ. ಒಂದು ಕೈ ರಾಗದ ಕಡೆ, ಇನ್ನೊಂದು ಕೈ ತಾಳದ ಕಡೆ. ಎರಡನ್ನೂ ಹಿಡಿದು ಕಟ್ಟುವುದೇ ಬೇಸ್.

ಈ ವಾದ್ಯ ಹಳೆಯದೇನಲ್ಲ. ಮೊದಲು ಆಳೆತ್ತರದ ಮರದ ಡಬಲ್ ಬೇಸ್ ಇತ್ತು. ಹೊತ್ತು ತಿರುಗುವುದು ಕಷ್ಟ. ಗದ್ದಲದಲ್ಲಿ ಕೇಳಿಸುವುದೂ ಕಷ್ಟ. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದರು. ಅಲ್ಲಿಂದ ಪಾಶ್ಚಾತ್ಯ ಜನಪ್ರಿಯ ಸಂಗೀತದ ನಡಿಗೆಯೇ ಬದಲಾಯಿತು.

ಕೊರತೆಯಿಂದಲೂ ಹೊಸ ವಿದ್ಯೆ ಹುಟ್ಟುತ್ತದೆ ಎನ್ನುವುದಕ್ಕೆ ಈ ವಾದ್ಯದ ಚರಿತ್ರೆಯಲ್ಲೇ ಒಂದು ಉದಾಹರಣೆಯಿದೆ. ಲ್ಯಾರಿ ಗ್ರಹಾಮ್ ಎಂಬ ಹುಡುಗ ತಾಯಿಯ ಜೊತೆ ಕಾರ್ಯಕ್ರಮ ಕೊಡುತ್ತಿದ್ದ. ತಂಡದಲ್ಲಿ ಡ್ರಮ್ ವಾದಕನೇ ಇಲ್ಲದ ದಿನಗಳು ಬಂದವು. ಹುಡುಗ ಹೆಬ್ಬೆರಳಿನಿಂದ ತಂತಿಯನ್ನು ಗುದ್ದಿ ದೊಡ್ಡ ಡ್ರಮ್ಮಿನ ಸದ್ದನ್ನೂ, ಇನ್ನೊಂದು ಬೆರಳಿನಿಂದ ತಂತಿ ಎಳೆದುಬಿಟ್ಟು ಸಣ್ಣ ಡ್ರಮ್ಮಿನ ಸದ್ದನ್ನೂ ಹೊರಡಿಸಿದ. ಇಂದು ಜಗತ್ತಿನ ಬೇಸ್ ವಾದಕರೆಲ್ಲ ಕಲಿಯುವ ‘ಸ್ಲ್ಯಾಪ್’ ಶೈಲಿ ಹೀಗೆ ಹುಟ್ಟಿತು.

ಹೆಸರಿಲ್ಲದ ದುಡಿಮೆ

ಬೇಸ್ ವಾದಕರಲ್ಲಿ ‘ಸೆಷನ್ ವಾದಕ’ರದು ಒಂದು ಪ್ರತ್ಯೇಕ ಪಂಗಡ. ಇವರು ಯಾವ ಒಂದು ತಂಡಕ್ಕೂ ಸೇರಿದವರಲ್ಲ. ಸ್ಟುಡಿಯೋದಿಂದ ಕರೆ ಬಂದರೆ ಹೋಗಬೇಕು. ಮುಂದಿಟ್ಟ ಸ್ವರಲಿಪಿಯನ್ನು ನೋಡಿದ ಕೂಡಲೇ ನುಡಿಸಬೇಕು. ಬೆಳಿಗ್ಗೆ ಜಾಹೀರಾತಿನ ಹಾಡು, ಮಧ್ಯಾಹ್ನ ಸಿನಿಮಾ, ರಾತ್ರಿ ಯಾರೋ ಗಾಯಕಿಯ ಆಲ್ಬಂ. ಹಾಡು ಗೆದ್ದರೆ ಕೀರ್ತಿ ಹಾಡಿದವರಿಗೆ. ಇವರಿಗೆ ಆ ಹೊತ್ತಿನ ಕೂಲಿ.

ಜೇಮ್ಸ್ ಜೇಮರ್ಸನ್ ಕಥೆಯನ್ನೇ ನೋಡಿ. ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿ 1960ರ ದಶಕದಲ್ಲಿ ಹೊರತಂದ ಜನಪ್ರಿಯ ಹಾಡುಗಳಲ್ಲಿ ಬಹಳಷ್ಟಕ್ಕೆ ಬೇಸ್ ನುಡಿಸಿದವರು ಅವರು. ಬಲಗೈಯ ತೋರುಬೆರಳೊಂದರಿಂದಲೇ ನುಡಿಸುತ್ತಿದ್ದರು. ಆ ಬೆರಳಿಗೆ ಗೆಳೆಯರು ‘ಕೊಕ್ಕೆ’ ಎಂದೇ ಹೆಸರಿಟ್ಟಿದ್ದರು. ಲಕ್ಷಾಂತರ ಜನ ಆ ಹಾಡುಗಳಿಗೆ ಕುಣಿದರು. ಆದರೆ ತಟ್ಟೆಯ ಹೊದಿಕೆಯ ಮೇಲೆ ವಾದ್ಯಗಾರರ ಹೆಸರು ಹಾಕುವ ಪದ್ಧತಿಯೇ ಅಲ್ಲಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಂ ಬಂದಾಗ ಜೇಮರ್ಸನ್ ಹೆಸರು ಅಚ್ಚಾಯಿತು. 1983ರಲ್ಲಿ, 47ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಗೌರವಿಸಿದ್ದು 2000ದಲ್ಲಿ. ಅಷ್ಟು ಹೊತ್ತಿಗೆ ಅವರು ಇಲ್ಲವಾಗಿ 17 ವರ್ಷ ಕಳೆದಿತ್ತು.

ಇಗರ್ಜಿಯಿಂದ ಹಡಗಿನವರೆಗೆ

ಇಂಥ ಸೆಷನ್ ದುಡಿಮೆಯಿಂದಲೇ ಬೆಳೆದು, ಹಡಗಿನ ವೇದಿಕೆಯ ಮುಂಭಾಗಕ್ಕೆ ಬಂದು ನಿಂತವರು ಮಾರ್ಕಸ್ ಮಿಲ್ಲರ್. ‘ಸ್ಮೂತ್ ಜಾಝ್ ಕ್ರೂಸ್’ ಎಂಬ ಹೆಸರಿನ ಈ ಸಂಗೀತಯಾನ 2004ರಲ್ಲಿ ಆರಂಭವಾಯಿತು. ಅದರಲ್ಲಿ ಅನೇಕ ವರ್ಷ ಆತಿಥೇಯರ ಸ್ಥಾನದಲ್ಲಿದ್ದು ಸಭೆಯನ್ನು ನಡೆಸಿಕೊಟ್ಟವರು ಅವರು.

ಮಿಲ್ಲರ್ ಹುಟ್ಟಿದ್ದು 1959ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆ ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದರು. ಹುಡುಗ ಮೊದಲು ಶಾಸ್ತ್ರೀಯವಾಗಿ ಕಲಿತದ್ದು ಕ್ಲಾರಿನೆಟ್. ಬೇಸ್ ಗಿಟಾರ್ ಆಮೇಲೆ ಬಂತು. ಆದರೆ ಕ್ಲಾರಿನೆಟ್ ಕಲಿಯುವಾಗ ಮಾಡಿದ ಸ್ವರಲಿಪಿಯ ಅಭ್ಯಾಸ ಜೀವನಪೂರ್ತಿ ಕೈಹಿಡಿಯಿತು. ಹದಿಹರೆಯದಲ್ಲೇ ನ್ಯೂಯಾರ್ಕಿನ ಸ್ಟುಡಿಯೋಗಳಿಂದ ಕರೆ ಬರತೊಡಗಿತು. ಕ್ವೀನ್ಸ್ ಕಾಲೇಜಿಗೆ ಸೇರಿದ್ದರೂ ಕೆಲಸದ ಒತ್ತಡದಲ್ಲಿ ಓದು ಮುಂದುವರಿಯಲಿಲ್ಲ. ಗ್ರೋವರ್ ವಾಷಿಂಗ್ಟನ್ ಜೂನಿಯರ್ ಮತ್ತು ಬಿಲ್ ವಿದರ್ಸ್ ಅವರ ‘ಜಸ್ಟ್ ದಿ ಟೂ ಆಫ್ ಅಸ್’ ಹಾಡನ್ನು ಕೇಳಿದವರು ಅದರ ಬೇಸನ್ನೂ ಕೇಳಿರುತ್ತಾರೆ. ಅದು ಮಿಲ್ಲರ್ ನುಡಿಸಿದ್ದು.

1981ರಲ್ಲಿ ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ಸುಮಾರು ಐದು ವರ್ಷಗಳ ಮೌನ ಮುರಿದು ಮತ್ತೆ ವೇದಿಕೆಗೆ ಬಂದರು. ಅವರ ಹೊಸ ತಂಡದ ಬೇಸ್ ವಾದಕ ಈ ಇಪ್ಪತ್ತೆರಡರ ತರುಣ.

ಆದರೆ ಅದೇ ದಶಕದಲ್ಲಿ ಸೆಷನ್ ವಾದಕರ ಅನ್ನಕ್ಕೆ ಕಲ್ಲು ಬಿತ್ತು. ಡ್ರಮ್ ಯಂತ್ರ ಬಂತು, ಸಿಂಥಸೈಜರ್ ಬಂತು. ಕೀಲಿಮಣೆಯ ಮೇಲೆ ಒಂದು ಬೆರಳಿಟ್ಟರೆ ಬೇಸಿನ ಸದ್ದು ಬರುತ್ತದೆ ಎಂದಾದ ಮೇಲೆ ಮನುಷ್ಯನನ್ನು ಏಕೆ ಕರೆಸಬೇಕು? ಅನೇಕ ನುರಿತ ವಾದಕರ ಮನೆಯ ದೂರವಾಣಿ ಸದ್ದು ಮಾಡುವುದನ್ನೇ ನಿಲ್ಲಿಸಿತು. ಮಿಲ್ಲರ್ ಯಂತ್ರದ ಮೇಲೆ ಮುನಿಸಿಕೊಳ್ಳಲಿಲ್ಲ, ಅದನ್ನು ಕಲಿತರು. ಹಾಡು ಕಟ್ಟುವುದನ್ನೂ, ಧ್ವನಿಮುದ್ರಣ ನಡೆಸುವುದನ್ನೂ ಕಲಿತರು. 1986ರಲ್ಲಿ ಡೇವಿಸ್ ಹೊರತಂದ ‘ಟುಟು’ ಆಲ್ಬಮ್ಮಿನ ಬಹುಪಾಲು ರಚನೆ ಮಿಲ್ಲರ್ ಅವರದು. ಅದರಲ್ಲಿ ಕೇಳುವ ವಾದ್ಯಗಳಲ್ಲಿ ಹೆಚ್ಚಿನವನ್ನು ನುಡಿಸಿದವರೂ ಅವರೇ. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ರೇಡಿಯೋ ಮುಳುಗಿತು, ಹಡಗು ತೇಲಿತು

ಸ್ಮೂತ್ ಜಾಝ್ ಎಂದರೇನು? ಜಾಝ್ ಸಂಗೀತದ ಮೃದುವಾದ ರೂಪ ಎನ್ನಬಹುದು. ಕದ್ರಿ ಗೋಪಾಲನಾಥ್ ಅವರಿಂದ ಕನ್ನಡಿಗರಿಗೆ ಹತ್ತಿರವಾದ ಸ್ಯಾಕ್ಸೋಫೋನ್ ಇಲ್ಲಿ ಬೇರೆ ವೇಷದಲ್ಲಿ, ಮುಖ್ಯ ಪಾತ್ರದಲ್ಲಿ ಬರುತ್ತದೆ. ಸುಲಭವಾಗಿ ಮನಸ್ಸಿಗೆ ಹತ್ತುವ ರಾಗ, ಕಾಲು ಕುಣಿಸುವ ತಾಳ. ಅಂಗಡಿಯಲ್ಲಿ ಹಿನ್ನೆಲೆಗೆ ಹಾಕುವ ಸಂಗೀತ ಎಂದು ಮೂಗು ಮುರಿಯುವ ವಿಮರ್ಶಕರಿಗೂ ಕೊರತೆಯಿಲ್ಲ.

ಇದನ್ನು ಬೆಳೆಸಿದ್ದು ರೇಡಿಯೋ. ಲಾಸ್ ಏಂಜಲೀಸಿನಲ್ಲಿ 1987ರಲ್ಲಿ ಶುರುವಾದ ‘ದಿ ವೇವ್’ ನಿಲಯದ ದಾರಿಯನ್ನು ಅಮೆರಿಕದ ಅನೇಕ ನಗರಗಳು ಹಿಡಿದವು. ಎರಡು ದಶಕ ಕಳೆಯುವಷ್ಟರಲ್ಲಿ ಗಾಳಿ ತಿರುಗಿತು. ನ್ಯೂಯಾರ್ಕಿನ ಮುಖ್ಯ ಸ್ಮೂತ್ ಜಾಝ್ ನಿಲಯ 2008ರಲ್ಲಿ, ಷಿಕಾಗೋದ ನಿಲಯ 2009ರಲ್ಲಿ ಈ ಸಂಗೀತವನ್ನು ಕೈಬಿಟ್ಟವು. ಕೇಳುವವರು ಇದ್ದರು, ಕೇಳಿಸುವವರು ಇಲ್ಲವಾದರು. ಆಗ ಆಸರೆಯಾದ ಜಾಗಗಳಲ್ಲಿ ಹಡಗೂ ಒಂದು. ಇಡೀ ಹಡಗನ್ನೇ ಗುತ್ತಿಗೆಗೆ ಹಿಡಿದು, ಒಂದೇ ಬಗೆಯ ಸಂಗೀತದ ಅಭಿಮಾನಿಗಳನ್ನು ತುಂಬಿಕೊಂಡು ಹೊರಡುವ ಪದ್ಧತಿ ಬೆಳೆಯಿತು.

ಇಂಥ ಹಡಗುಗಳಲ್ಲಿ ಮನೆಮಾತಾಗಿದ್ದ ಇನ್ನೊಬ್ಬ ಬೇಸ್ ವಾದಕ ವೇಮನ್ ಟಿಸ್‌ಡೇಲ್. ಅವರು ಪಾದ್ರಿಯ ಮಗ. ಇಗರ್ಜಿಯಲ್ಲೇ ಸಂಗೀತ ಹತ್ತಿತು. ಆದರೆ ಜಗತ್ತು ಅವರನ್ನು ಮೊದಲು ಕಂಡಿದ್ದು ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ. 1984ರ ಒಲಿಂಪಿಕ್ಸ್ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿದ್ದರು, ಆಮೇಲೆ 12 ವರ್ಷ ವೃತ್ತಿಪರ ಆಟ ಆಡಿದರು. ಆಟದ ನಡುವೆಯೂ ಬೇಸ್ ಬಿಡಲಿಲ್ಲ. 1995ರಲ್ಲಿ ಮೊದಲ ಆಲ್ಬಂ ತಂದರು. ಮೂಳೆಯ ಕ್ಯಾನ್ಸರ್ ಬಂದು 2008ರಲ್ಲಿ ಒಂದು ಕಾಲನ್ನು ಕತ್ತರಿಸಬೇಕಾಯಿತು. 2009ರಲ್ಲಿ, 44ನೆಯ ವಯಸ್ಸಿಗೆ ತೀರಿಕೊಂಡರು.

ಹಡಗಿನ ಮೇಲೆ ಒಂದು ವಾರ

ಮುಖ್ಯ ಕಲಾವಿದರು ಹತ್ತಾರು ಮಂದಿ ಹಡಗು ಹತ್ತುತ್ತಾರೆ. ಪ್ರತಿಯೊಬ್ಬರೂ ತಮ್ಮದೇ ಪೂರ್ತಿ ವಾದ್ಯವೃಂದವನ್ನು ಕರೆತರುವುದು ದುಬಾರಿ. ಹೀಗಾಗಿ ಒಬ್ಬನೇ ಬೇಸ್ ವಾದಕ ಹಲವರಿಗೆ ನುಡಿಸಬೇಕಾಗುತ್ತದೆ. ಒಬ್ಬೊಬ್ಬರಿಗೆ ಎಂಟು ಹಾಡು ಎಂದಿಟ್ಟುಕೊಂಡರೂ ಐದು ಜನಕ್ಕೆ ನಲವತ್ತು ಹಾಡು. ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು, ಯಾರ ಕಣ್ಸನ್ನೆಗೆ ಮುಗಿಸಬೇಕು ಎಲ್ಲವೂ ನೆನಪಿರಬೇಕು. ತಾಲೀಮಿಗೆ ಸಿಗುವ ಸಮಯ ಕಡಿಮೆ. ಇರುವ ವೇದಿಕೆಯನ್ನು ಎಲ್ಲರೂ ಹಂಚಿಕೊಳ್ಳಬೇಕು.

ಹಾಗಾದರೆ ಕೆಲಸ ನಡೆಯುವುದು ಹೇಗೆ? ಅದರ ಗುಟ್ಟು ಹಡಗು ಹತ್ತುವ ಮುಂಚೆಯೇ ಇದೆ. ಹಾಡುಗಳ ಧ್ವನಿಮುದ್ರಣ, ಹಾಡಿನ ನಕ್ಷೆಯಂತಿರುವ ‘ಚಾರ್ಟ್’ ಮೊದಲೇ ಕೈಸೇರುತ್ತವೆ. ಬಲ್ಲ ವಾದಕ ವಾರಗಟ್ಟಲೆ ಮನೆಯಲ್ಲಿ ಕೂತು ಕೇಳುತ್ತಾನೆ, ನುಡಿಸುತ್ತಾನೆ, ಕಷ್ಟದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಕೊಳ್ಳುತ್ತಾನೆ. ಹಡಗಿನ ತಾಲೀಮಿನಲ್ಲಿ ಮೊದಲ ಸಲ ಚಾರ್ಟ್ ಬಿಡಿಸಿ ನೋಡುವವನಿಗೆ ಮರುವರ್ಷ ಕರೆ ಬರುವುದು ಅನುಮಾನ.

ಕಡಲಿಗೂ ತನ್ನದೇ ತಕರಾರುಗಳಿವೆ. ತೇವದ ಗಾಳಿಗೆ ವಾದ್ಯದ ಮರದ ಕತ್ತು ಸ್ವಲ್ಪ ಬಾಗಿದರೂ ಶ್ರುತಿ ಜಾರುತ್ತದೆ. ಉಪ್ಪಿನಂಶಕ್ಕೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಮೇಲಟ್ಟದ ಬಯಲು ವೇದಿಕೆಯಲ್ಲಿ ಗಾಳಿ ಬೀಸಿದರೆ ಚಾರ್ಟಿನ ಹಾಳೆಗಳು ಹಾರಿಹೋಗುತ್ತವೆ. ಬಟ್ಟೆ ಒಣಹಾಕುವ ಕ್ಲಿಪ್ಪೇ ಅಲ್ಲಿ ದೊಡ್ಡ ಸಾಧನ. ಅಲೆ ಜೋರಾದ ರಾತ್ರಿ ವೇದಿಕೆಯೇ ಓಲಾಡುತ್ತದೆ. ಕಾಲಡಿಯ ನೆಲ ಒಂದು ಲಯದಲ್ಲಿ, ಕೈಯ ಸಂಗೀತ ಇನ್ನೊಂದು ಲಯದಲ್ಲಿ! ಕಾಲು ಅಗಲಿಸಿ ನಿಂತು, ಡ್ರಮ್ ವಾದಕನ ಕಾಲಿನ ಮೇಲೆ ಕಣ್ಣಿಟ್ಟು ನುಡಿಸುವುದೇ ಉಪಾಯ.

ಇನ್ನೊಂದು ಅನುಭವ ಸ್ಟುಡಿಯೋದಲ್ಲಿ ಎಂದೂ ಸಿಗದಂಥದು. ಅಲ್ಲಿ ಕೇಳುಗನೇ ಕಾಣುವುದಿಲ್ಲ. ಇಲ್ಲಿ ಕೇಳುಗ ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ರಾತ್ರಿ ಕಛೇರಿ ಕೇಳಿದವರು ಬೆಳಿಗ್ಗೆ ತಿಂಡಿಯ ಸಾಲಿನಲ್ಲಿ ಪಕ್ಕದಲ್ಲೇ ನಿಂತಿರುತ್ತಾರೆ. ಬಹುಪಾಲು ನಡುವಯಸ್ಸು ದಾಟಿದವರು, ವರ್ಷವಿಡೀ ದುಡ್ಡು ಕೂಡಿಟ್ಟು ಬಂದವರು. ಹತ್ತಾರು ವರ್ಷ ಹೆಸರಿಲ್ಲದೆ ದುಡಿದ ವಾದಕನನ್ನು ಗುರುತಿಸಿ, ಇಂಥ ಹಾಡಿನಲ್ಲಿ ನುಡಿಸಿದ್ದು ನೀವೇ ಅಲ್ಲವೇ ಎಂದು ಕೇಳುವವರು ಸಿಗುವುದು ಇಲ್ಲಿ. ನಿನ್ನೆ ತಪ್ಪು ನುಡಿಸಿದ್ದರೆ ಅದನ್ನೂ ಇಲ್ಲೇ ಎದುರಿಸಬೇಕು.

ಹೆತ್ತವರ ಪ್ರಶ್ನೆ

ಮಗ ಅಥವಾ ಮಗಳು ಗಿಟಾರ್ ಹಿಡಿದು ಕೂತರೆ ತಂದೆತಾಯಿಗೆ ದಿಗಿಲು ಸಹಜ. ಇದರಿಂದ ಹೊಟ್ಟೆ ತುಂಬೀತೇ?

ಸುಳ್ಳು ಭರವಸೆ ಕೊಡುವಂತಿಲ್ಲ. ಹಡಗಿನ ಕೆಲಸ ವರ್ಷಕ್ಕೆ ಕೆಲವೇ ವಾರ. ಉಳಿದ ದಿನ ಧ್ವನಿಮುದ್ರಣ, ಪಾಠ, ಊರೂರಿನ ಕಾರ್ಯಕ್ರಮ ಎಲ್ಲವನ್ನೂ ಕೂಡಿಸಿ ಸಂಸಾರ ನಡೆಯಬೇಕು. ಅಮೆರಿಕದಲ್ಲಿ 1896ರಷ್ಟು ಹಿಂದೆಯೇ ಸ್ಥಾಪನೆಯಾದ ಸಂಗೀತಗಾರರ ಒಕ್ಕೂಟವಿದೆ. ಅದರ ಒಪ್ಪಂದದ ಕೆಲಸಗಳಿಗೆ ಕನಿಷ್ಠ ಕೂಲಿ, ಪಿಂಚಣಿ ಉಂಟು. ಆದರೂ ಕರೆ ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಅಮೆರಿಕ ಸರ್ಕಾರ ಪ್ರವಾಸಿ ಹಡಗುಗಳ ಸಂಚಾರವನ್ನೇ ತಡೆಯಿತು. ಕಛೇರಿ ಮನೆಗಳೂ ಬಾಗಿಲು ಹಾಕಿದವು. ಎಷ್ಟೇ ಚೆನ್ನಾಗಿ ನುಡಿಸುವವನಿಗೂ ತಿಂಗಳುಗಟ್ಟಲೆ ವೇದಿಕೆ ಇರಲಿಲ್ಲ.

ಆದರೆ ಈ ವೃತ್ತಿಯಲ್ಲಿ ಬಾಳಿದವರನ್ನು ನೋಡಿದರೆ ಒಂದು ಮಾತು ಸ್ಪಷ್ಟ. ಅವರನ್ನು ಉಳಿಸಿದ್ದು ಬೆರಳಿನ ಚಳಕ ಒಂದೇ ಅಲ್ಲ. ಸ್ವರಲಿಪಿ ಓದಲು ಕಲಿತಿದ್ದರು. ಹೇಳಿದ ಹೊತ್ತಿಗೆ ಹತ್ತು ನಿಮಿಷ ಮುಂಚೆ ಬಂದರು. ತಮ್ಮ ವಾದ್ಯ ನುಡಿಸುವಾಗ ಪಕ್ಕದವನ ವಾದ್ಯವನ್ನೂ ಕೇಳಿದರು. ಹೊಸ ಯಂತ್ರ ಬಂದಾಗ ಹೆದರಿ ಕೂರದೆ ಅದನ್ನು ಬಿಚ್ಚಿ ನೋಡಿದರು. ಮೃದಂಗಕ್ಕೋ ಪಿಟೀಲಿಗೋ ಕೂತ ನಮ್ಮ ಪಕ್ಕವಾದ್ಯದವರಿಗೂ ಇವು ಹೊಸ ಪಾಠಗಳೇನಲ್ಲ. ಸಂಗೀತವನ್ನು ವೃತ್ತಿಯಾಗಿ ಹಿಡಿಯದ ವಿದ್ಯಾರ್ಥಿಗೂ ಈ ಗುಣಗಳು ನಷ್ಟ ತರಲಾರವು.

ಏಳನೆಯ ರಾತ್ರಿ ಕೊನೆಯ ಕಛೇರಿ. ಮರುದಿನ ಬೆಳಿಗ್ಗೆ ಹಡಗು ಮತ್ತೆ ಬಂದರು ಸೇರುತ್ತದೆ. ಪ್ರಯಾಣಿಕರು ಪೆಟ್ಟಿಗೆ ಹಿಡಿದು ಸಾಲಿನಲ್ಲಿ ನಿಂತು ಹಿಂದಿನ ರಾತ್ರಿಯ ಹಾಡನ್ನು ಗುನುಗುತ್ತಿರುತ್ತಾರೆ. ಗುನುಗುವುದು ಸ್ಯಾಕ್ಸೋಫೋನಿನ ರಾಗವನ್ನೇ. ಬೇಸನ್ನು ಯಾರೂ ಗುನುಗುವುದಿಲ್ಲ. ಆದರೆ ಕೆಳಗೆ ಅವರ ಕಾಲು ನೆಲ ತಟ್ಟುತ್ತಿರುತ್ತದೆ. ವಾದ್ಯದ ಪೆಟ್ಟಿಗೆ ಹೆಗಲಿಗೇರಿಸಿ ಅದೇ ಸಾಲಿನಲ್ಲಿ ನಿಂತ ಬೇಸ್ ವಾದಕನಿಗೆ ಅಷ್ಟು ಕಂಡರೆ ಸಾಕು.