ಮುಂದೊಗಲಿನ ತೊಂದರೆಗಳು: ಸಂಕೋಚ ಬಿಟ್ಟು ತಿಳಿಯಬೇಕಾದ ಸಂಗತಿ

ಹಲ್ಲುನೋವು, ಮಂಡಿನೋವುಗಳನ್ನು ಮನೆಮಂದಿಯೆಲ್ಲ ಕುಳಿತು ಚರ್ಚಿಸುವ ನಾವು ಪುರುಷರ ಗುಹ್ಯಾಂಗದ ಚರ್ಮದ ತೊಂದರೆಗಳನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಪ್ರಾಚೀನ ವೈದ್ಯರಿಗೆ ಈ ಸಂಕೋಚವಿರಲಿಲ್ಲ. ಸುಶ್ರುತಸಂಹಿತೆಯು ಪರಿವರ್ತಿಕಾ, ಅವಪಾಟಿಕಾ, ನಿರುದ್ಧಪ್ರಕಾಶ ಎಂದು ಮುಂದೊಗಲಿನ ಮೂರು ವ್ಯಾಧಿಗಳನ್ನು ಹೆಸರಿಸಿದೆ. ಬಿಗಿದ ತೊಗಲನ್ನು ಹಿಗ್ಗಿಸಲು ತುಪ್ಪ ಸವರಿದ ನಳಿಗೆಯನ್ನು ಸೇರಿಸಿ, ಮೂರು ದಿನಕ್ಕೊಮ್ಮೆ ಇನ್ನಷ್ಟು ದಪ್ಪನೆಯದನ್ನು ಬಳಸುವ ಕ್ರಮವನ್ನೂ ಹೇಳಿದೆ.

ಗಂಡುಮಗುವಿಗೆ ಎಣ್ಣೆ ಹಚ್ಚಿ ಎರೆಯುವಾಗ ತೊಗಲನ್ನು ಹಿಂದಕ್ಕೆಳೆದು ತೊಳೆಯುವ ಹಿರಿಯರುಂಟು. ಇದು ಸಲ್ಲದು. ಹುಟ್ಟಿದಾಗ ಮುಂದೊಗಲು ಒಳಗಿನ ಮಣಿಗೆ ಅಂಟಿಕೊಂಡೇ ಇರುತ್ತದೆ. ವರ್ಷಗಳು ಕಳೆದಂತೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಡೆನ್ಮಾರ್ಕಿನ ವೈದ್ಯ ಯಾಕೋಬ್ ಓಸ್ಟರ್ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 6-7 ವರ್ಷದ ಶಾಲಾಬಾಲಕರಲ್ಲಿ ಶೇ. 8ರಷ್ಟು ಮಂದಿಗೆ ಬಿಗಿತವಿತ್ತು. 16-17ರ ಪ್ರಾಯದವರಲ್ಲಿ ಅದು ಶೇ. 1ಕ್ಕೆ ಇಳಿದಿತ್ತು. ಬಲವಂತದಿಂದ ಎಳೆದರೆ ಸೀಳು ಬಿದ್ದು, ಮಾಯುವಾಗ ಕಲೆಗಟ್ಟಿ, ಇಲ್ಲದ ರೋಗವನ್ನು ನಾವೇ ತಂದಂತಾಗುತ್ತದೆ. ತೊಗಲಿನಡಿ ಕಾಣುವ ಬಿಳಿಯ ಮುದ್ದೆಯೂ ಸಾಮಾನ್ಯವಾಗಿ ಕೀವಲ್ಲ, ಉದುರಿದ ಚರ್ಮಕೋಶಗಳು. ಮೂತ್ರಕ್ಕೆ ಅಡ್ಡಿ, ನೋವು, ಮತ್ತೆ ಮತ್ತೆ ಕೆಂಪಾಗುವುದು ಕಂಡರೆ ಮಾತ್ರ ವೈದ್ಯರಲ್ಲಿಗೆ ಹೋಗಬೇಕು. ಆಗಲೂ ಕೆಲವು ವಾರ ಸ್ಟೆರಾಯ್ಡ್ ಮುಲಾಮು ಹಚ್ಚಿದರೆ ಅನೇಕ ಬಾಲಕರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ.

ತಡಮಾಡಬಾರದ ಸ್ಥಿತಿ ಒಂದಿದೆ. ಹಿಂದೆ ಸರಿದ ತೊಗಲು ಮುಂದಕ್ಕೆ ಬಾರದೆ ಸಿಕ್ಕಿ, ತುದಿ ಊದಿಕೊಂಡರೆ ರಕ್ತಸಂಚಾರ ನಿಲ್ಲಬಹುದು. ಕೂಡಲೇ ಆಸ್ಪತ್ರೆ ಸೇರಬೇಕು. ಮೂತ್ರದ ನಳಿಕೆ ಹಾಕಿಸಿಕೊಂಡು ಮಲಗಿರುವ ವೃದ್ಧರಲ್ಲಿ ಇದು ಹೆಚ್ಚು. ನಳಿಕೆಯನ್ನು ಶುಚಿಮಾಡಿದ ಮೇಲೆ ತೊಗಲನ್ನು ಮೊದಲಿನ ಸ್ಥಾನಕ್ಕೆ ತರಲು ಆರೈಕೆ ಮಾಡುವವರು ಮರೆಯಬಾರದು.

ನಡುವಯಸ್ಸಿನವರಲ್ಲಿ ತುರಿಕೆ, ಉರಿ, ತೊಗಲಂಚಿನಲ್ಲಿ ಸಣ್ಣ ಬಿರುಕುಗಳು ಕಾಣಿಸಿಕೊಂಡರೆ ಮೊದಲು ರಕ್ತದ ಸಕ್ಕರೆ ನೋಡಿಸುವುದು ಒಳಿತು. ಮಧುಮೇಹ ಕೆಲವೊಮ್ಮೆ ಹೀಗೆಯೇ ಬಯಲಾಗುತ್ತದೆ. ಮೂತ್ರದಲ್ಲಿ ಸಕ್ಕರೆಯನ್ನು ಹೊರಹಾಕುವ ಡಪಾಗ್ಲಿಫ್ಲೋಜಿನ್ ಮೊದಲಾದ ಗುಳಿಗೆಗಳಿಂದಲೂ ಅಲ್ಲಿ ಬೂಷ್ಟಿನ ಸೋಂಕು ಹೆಚ್ಚಬಹುದು. ಹಾಗೆಂದು ಗುಳಿಗೆಯನ್ನು ತಾವಾಗಿ ಬಿಡದೆ ವೈದ್ಯರಿಗೆ ತಿಳಿಸಬೇಕು. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ ಮಿಶ್ರ ಮುಲಾಮುಗಳ ಮೋಹ ನಮ್ಮವರಿಗೆ ಬಹಳ. ಅವುಗಳಲ್ಲಿನ ತೀಕ್ಷ್ಣ ಸ್ಟೆರಾಯ್ಡ್ ತುರಿಕೆಯನ್ನು ಅಡಗಿಸಿ ಬೂಷ್ಟನ್ನು ಬೆಳೆಸುತ್ತದೆ.

ಆದರೆ ತೊಗಲು ಬೆಳ್ಳಗಾಗಿ, ಗಡುಸಾಗಿ, ದಿನೇ ದಿನೇ ಬಿಗಿಯುವ ಲೈಕೆನ್ ಸ್ಕ್ಲೆರೋಸಸ್ ಎಂಬ ಬೇನೆಗೆ ಅದೇ ತೀಕ್ಷ್ಣ ಸ್ಟೆರಾಯ್ಡೇ ಮದ್ದು. ಇದು ಅಂಟುರೋಗವಲ್ಲ, ದಂಪತಿಗಳು ಪರಸ್ಪರ ಶಂಕಿಸಬೇಕಾಗಿಲ್ಲ. ಉಪೇಕ್ಷಿಸಿದರೆ ಮೂತ್ರದ್ವಾರ ಕಿರಿದಾಗಬಹುದು. ಅಪರೂಪಕ್ಕೆ ಕ್ಯಾನ್ಸರೂ ತಲೆದೋರಬಹುದು. ಮದ್ದಿಗೆ ಬಗ್ಗದಿದ್ದರೆ ವೈದ್ಯರು ಮುಂದೊಗಲನ್ನು ತೆಗೆದುಹಾಕುತ್ತಾರೆ.