ಕರೆಂಟ್ ಕೊಡುವುದು ಒಂದೇ ದಿನ ಏಕಲ್ಲ?

ಧರ್ಮಪುರಿ, ಸೇಲಂ ಕಡೆಯ ನಮ್ಮ ಕನ್ನಡ ಕುಟುಂಬಗಳಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ತಿಳಿದರೆ ಅನೇಕರು ಹೊಸೂರು ದಾರಿಯ ಬೆಂಗಳೂರು ಬಸ್ಸು ಹತ್ತುತ್ತೇವೆ. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯ ಹೆಸರು ನಮಗೆಲ್ಲ ಪರಿಚಿತ. ವಿಕಿರಣ ಚಿಕಿತ್ಸೆಗೆ ನಮ್ಮ ಜನ ಹೇಳುವುದು 'ಕರೆಂಟ್ ಕೊಡುವುದು' ಎಂದು. ವಾಸ್ತವದಲ್ಲಿ ಅದು ಕರೆಂಟಲ್ಲ. ಎಕ್ಸ್-ರೇ ಜಾತಿಯದೇ, ಆದರೆ ಬಹಳ ಹೆಚ್ಚು ಶಕ್ತಿಯ ಕಿರಣ.

ಇಪ್ಪತ್ತೈದು, ಮೂವತ್ತು ದಿನ ಅಲೆಯುವ ಬದಲು ಒಂದೇ ದಿನ ಕೊಟ್ಟು ಮುಗಿಸಬಾರದೇ? ವೇಳಾಂಗಣಿ ಹಬ್ಬಕ್ಕೆ ನಾಲ್ಕು ದಿನ ಬಿಟ್ಟು ಹೋಗಿಬರಬಹುದೇ? ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಈ ಪ್ರಶ್ನೆಗಳನ್ನು ನಾವು ಕೇಳಿದ್ದೇವೆ, ಕೇಳಿಸಿಕೊಂಡೂ ಇದ್ದೇವೆ.

ಉತ್ತರ ಇರುವುದು ನಮ್ಮ ಜೀವಕೋಶದೊಳಗಿನ ಡಿ.ಎನ್.ಎ.ಯಲ್ಲಿ. ಅದು ಎರಡೆಳೆಯ ಹುರಿಯಂತೆ ಹೆಣೆದುಕೊಂಡಿದೆ. ಒಂದು ಕೋಶದ ಹುರಿಯನ್ನೆಲ್ಲ ಬಿಚ್ಚಿ ಚಾಚಿದರೆ ಸುಮಾರು 2 ಮೀಟರ್ ಉದ್ದ! ಕಿರಣ ಹಾಯ್ದಾಗ ಕೆಲವು ಎಳೆಗಳು ನೇರವಾಗಿ ತುಂಡಾಗುತ್ತವೆ. ಇನ್ನು ಕೆಲವನ್ನು, ಕೋಶದ ನೀರು ಒಡೆದು ಹುಟ್ಟುವ ಚುರುಕಾದ ಕಣಗಳು ಕಡಿಯುತ್ತವೆ. ಕಿರಣದ ಅಳತೆ 'ಗ್ರೇ'. ಒಂದು ಗ್ರೇ ಕೊಟ್ಟರೆ ಪ್ರತಿ ಕೋಶದಲ್ಲೂ ಸುಮಾರು 1000 ಕಡೆ ಒಂದೆಳೆ ತುಂಡಾಗುತ್ತದೆ, 20ರಿಂದ 40 ಕಡೆ ಎರಡೂ ಎಳೆ ಹೋಗುತ್ತವೆ.

ಒಂದೆಳೆ ಹೋದರೆ ಚಿಂತೆಯಿಲ್ಲ, ಇನ್ನೊಂದನ್ನು ನೋಡಿಕೊಂಡು ಕೋಶವೇ ಬೇಗ ಸರಿಪಡಿಸುತ್ತದೆ. ಸೇಲಂನ ನೇಕಾರ ಮಗ್ಗ ನಿಲ್ಲಿಸಿ ತುಂಡಾದ ನೂಲಿಗೆ ಗಂಟು ಹಾಕುವಂತೆ ಎನ್ನೋಣ. ಎರಡೂ ಹೋದರೆ ಗಂಟೆಗಟ್ಟಲೆ ಬೇಕು, ಗಂಟು ತಪ್ಪುವುದೂ ಉಂಟು. ಈ ರಿಪೇರಿಯ ಗುಟ್ಟು ಬಿಡಿಸಿದ ಲಿಂಡಾಲ್, ಮಾಡ್ರಿಚ್, ಸಂಜಾರ್ ಅವರಿಗೆ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಈ ರಿಪೇರಿಯಲ್ಲಿ ಹಿಂದೆ. ದಿನಕ್ಕೆ ಸುಮಾರು 2 ಗ್ರೇ ಕೊಟ್ಟು ಮರುದಿನದವರೆಗೆ ಬಿಟ್ಟರೆ ಆರೋಗ್ಯವಂತ ಕೋಶ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ, ಗೆಡ್ಡೆಯ ಕೋಶ ಸೋಲುತ್ತಾ ಹೋಗುತ್ತದೆ. ಎಲ್ಲವನ್ನೂ ಒಮ್ಮೆಗೇ ಸುರಿದರೆ ಸುತ್ತಲಿನ ಒಳ್ಳೆಯ ಅಂಗವೂ ಸುಟ್ಟುಹೋದೀತು. ಹಂಚಿ ಕೊಡುವ ಈ ಕ್ರಮಕ್ಕೆ 1920ರ ದಶಕದಲ್ಲಿ ಪ್ಯಾರಿಸ್ಸಿನ ರೇಡಿಯಂ ಸಂಸ್ಥೆಯ ಕ್ಲಾಡ್ ರಿಗೋ ಟಗರುಗಳ ಮೇಲೆ ನಡೆಸಿದ ಪ್ರಯೋಗಗಳೇ ಆಧಾರ. ಕೆಲವು ಬಗೆಯ ಗೆಡ್ಡೆಗೆ ಈಗ ಕಡಿಮೆ ದಿನಗಳೂ ಸಾಕು; ಅದನ್ನು ತೀರ್ಮಾನಿಸುವವರು ವೈದ್ಯರು.

ಇಷ್ಟು ಸೂಕ್ಷ್ಮವಾದದ್ದನ್ನು ಕಣ್ಣಿನಿಂದ ನೋಡಲಾಗದು. ಅದಕ್ಕೇ ವಿಜ್ಞಾನಿಗಳು ಕಂಪ್ಯೂಟರಿನೊಳಗೆ ಒಂದು ಕೋಶವನ್ನೇ ಕಟ್ಟಿ ಕಿರಣ ಹಾಯಿಸುತ್ತಾರೆ. 'ಜಿಯಾಂಟ್4-ಡಿ.ಎನ್.ಎ.' ಅಂಥ ಒಂದು ತಂತ್ರಾಂಶ. ಗಗನಯಾತ್ರಿಗಳಿಗೆ ಕಿರಣದಿಂದಾಗುವ ಅಪಾಯ ತಿಳಿಯಲೆಂದು ಯೂರೋಪಿನ ಬಾಹ್ಯಾಕಾಶ ಸಂಸ್ಥೆ ಅದಕ್ಕೆ ಚಾಲನೆ ನೀಡಿತು. ಕಣ ಎಲ್ಲಿ ಡಿಕ್ಕಿ ಹೊಡೆಯಿತು, ಎಳೆ ಎಲ್ಲಿ ತುಂಡಾಯಿತು ಎಂಬುದನ್ನು ದಾಳ ಉರುಳಿಸಿದಂತೆ ಲಕ್ಷಾಂತರ ಬಾರಿ ಲೆಕ್ಕ ಹಾಕುತ್ತಾರೆ. ಈ ವಿಧಾನಕ್ಕೆ ಜೂಜಿನ ಊರು ಮಾಂಟೆ ಕಾರ್ಲೋದ ಹೆಸರು, ಗುರುಗಳು ಹುಬ್ಬೇರಿಸಬಾರದು! ಬಂದ ಲೆಕ್ಕವನ್ನು ಪ್ರಯೋಗಾಲಯದ ಕೋಶಗಳೊಂದಿಗೆ ಹೋಲಿಸಿ ನೋಡುತ್ತಾರೆ. ಇದಿನ್ನೂ ಸಂಶೋಧನೆಯ ಕೆಲಸ. ಆಸ್ಪತ್ರೆಯ ಕಂಪ್ಯೂಟರ್ ಹಾಕುವುದು ಗೆಡ್ಡೆಗೆ ಎಷ್ಟು, ಪಕ್ಕದ ಅಂಗಕ್ಕೆ ಎಷ್ಟು ಕಿರಣ ಬಿತ್ತೆಂಬ ಲೆಕ್ಕವನ್ನು.

ಇನ್ನು ಹರಕೆಯ ವಿಷಯ. ಶನಿವಾರ, ಭಾನುವಾರದ ಬಿಡುವನ್ನು ಸಾಮಾನ್ಯವಾಗಿ ಆಸ್ಪತ್ರೆಯೇ ಲೆಕ್ಕಕ್ಕೆ ಹಿಡಿದಿರುತ್ತದೆ. ನಾವಾಗಿ ತಪ್ಪಿಸುವ ದಿನಗಳು ಹಾಗಲ್ಲ. ಆ ಬಿಡುವಿನಲ್ಲಿ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯಬಲ್ಲವು. ಹೋಗಲೇಬೇಕಾದ ಸಂದರ್ಭ ಬಂದರೆ ಮೊದಲೇ ವೈದ್ಯರಿಗೆ ತಿಳಿಸಿರಿ. ವೇಳಾಂಗಣಿ ಮಾತೆ ಚಿಕಿತ್ಸೆ ಮುಗಿಯುವವರೆಗೆ ಕಾಯುತ್ತಾಳೆ.